ಫೈರ್ ಅಲಾರಂ ಪರೀಕ್ಷೆ: ಹಸಿರು ದೀಪ ನೋಡಿದರೆ ಸಾಲದು

ಫೈರ್ ಅಲಾರಂ ಪ್ಯಾನೆಲ್‌ನಲ್ಲಿ ಹಸಿರು ದೀಪ ಉರಿಯುತ್ತಿದೆ, ದೋಷ ತೋರಿಸುವ ಹಳದಿ ದೀಪ ಆರಿದೆ. ಸರಿ, ಎಲ್ಲ ಚೆನ್ನಾಗಿದೆ ಅಂದುಕೊಂಡು ಮುಂದೆ ಹೋಗುವವರೇ ಜಾಸ್ತಿ. ಆದರೆ ಆ ದೀಪಗಳು ಹೇಳುವುದು ಇಷ್ಟೇ: ಕರೆಂಟ್ ಇದೆ, ತಂತಿ ಕಡಿದಿಲ್ಲ. ಚಾವಣಿಯ ಡಿಟೆಕ್ಟರ್ ಒಳಗೆ ಹೊಗೆ ನುಗ್ಗುತ್ತದೆಯೇ, ಬಾಗಿಲು ಹಾಕಿಕೊಂಡು ಮಲಗಿದವರಿಗೆ ಹೂಟರ್ (ಅಲಾರಂ ಕೂಗುವ ಸೈರನ್) ಕೇಳಿಸುತ್ತದೆಯೇ ಎಂಬುದು ಪ್ಯಾನೆಲ್‌ಗೆ ಗೊತ್ತಾಗುವುದಿಲ್ಲ. ಅದನ್ನು ನಾವೇ ಹೋಗಿ ನೋಡಬೇಕು, ಕೇಳಬೇಕು.

ಇದು ಇಬ್ಬರ ಕೆಲಸ. ಒಬ್ಬರು ಪ್ಯಾನೆಲ್ ಮುಂದೆ, ಇನ್ನೊಬ್ಬರು ಮಹಡಿಗಳಲ್ಲಿ. ಮಧ್ಯೆ ಮಾತಾಡಲು ವಾಕಿಟಾಕಿ ಅಥವಾ ಫೋನ್.

ಶುರು ಮಾಡುವ ಮೊದಲು

ಕಟ್ಟಡದಲ್ಲಿರುವ ಎಲ್ಲರಿಗೂ ದಿನ, ಹೊತ್ತು ಮೊದಲೇ ತಿಳಿಸಿ. ಅಲಾರಂ ಹೊಡೆದ ಕೂಡಲೇ ಅಗ್ನಿಶಾಮಕ ಠಾಣೆಗೋ ಹೊರಗಿನ ನಿಗಾ ಕೇಂದ್ರಕ್ಕೋ ತಾನಾಗಿ ಸಂದೇಶ ಹೋಗುವ ಏರ್ಪಾಡಿದ್ದರೆ ಅವರಿಗೂ ಹೇಳಿ. ಪರೀಕ್ಷೆಯ ನಡುವೆಯೇ ನಿಜವಾಗಿ ಬೆಂಕಿ ಬಿದ್ದರೆ ಜನರಿಗೆ ಹೇಗೆ ತಿಳಿಸುವುದು ಎಂದು ಆಗಲೇ ಮಾತಾಡಿಕೊಂಡಿರಿ.

ಎಷ್ಟೋ ಕಟ್ಟಡಗಳಲ್ಲಿ ಅಲಾರಂ ಜೊತೆಗೆ ಬೇರೆ ಕೆಲಸಗಳೂ ತಳುಕು ಹಾಕಿಕೊಂಡಿರುತ್ತವೆ. ಲಿಫ್ಟ್ ನೆಲಮಹಡಿಗೆ ಇಳಿಯುತ್ತದೆ, ಎಸಿ ಫ್ಯಾನ್ ನಿಲ್ಲುತ್ತದೆ, ಬೀಗ ಬಿದ್ದ ಬಾಗಿಲು ತೆರೆದುಕೊಳ್ಳುತ್ತದೆ. ಇವನ್ನೆಲ್ಲ ತಾತ್ಕಾಲಿಕವಾಗಿ ಬೈಪಾಸ್ ಮಾಡಬೇಕು, ಅಂದರೆ ಅಲಾರಂನಿಂದ ಬಿಡಿಸಿಡಬೇಕು. ಮಾಡಿದ ಒಂದೊಂದನ್ನೂ ಕಾಗದದಲ್ಲಿ ಬರೆದಿಡಿ, ಕೊನೆಗೆ ಬೇಕಾಗುತ್ತದೆ. ಸರ್ವರ್ ರೂಮಿನಂಥ ಕಡೆ ಗ್ಯಾಸ್ ಬಿಟ್ಟು ಬೆಂಕಿ ಆರಿಸುವ ವ್ಯವಸ್ಥೆ ಇದ್ದರೆ ಮಾತ್ರ ನೀವಾಗಿ ಕೈ ಹಾಕಬೇಡಿ. ಅದನ್ನು ಬೇರ್ಪಡಿಸುವುದು ಆ ಕೆಲಸ ಬಲ್ಲ ತಂತ್ರಜ್ಞರದ್ದು. ಪರೀಕ್ಷೆಗೆಂದು ಬಿಟ್ಟ ಚೂರು ಹೊಗೆಗೆ ಸಿಲಿಂಡರ್ ಖಾಲಿಯಾಗಬಹುದು, ಒಳಗಿದ್ದವರ ಜೀವಕ್ಕೂ ಅಪಾಯ.

ಪರೀಕ್ಷಿಸಿದ ಡಿಟೆಕ್ಟರನ್ನು ತಾನಾಗಿ ರೀಸೆಟ್ ಮಾಡುವ ‘ವಾಕ್ ಟೆಸ್ಟ್’ ಸೌಲಭ್ಯ ಪ್ಯಾನೆಲ್‌ನಲ್ಲಿ ಇದ್ದರೆ ಬಳಸಿ. ಆಗ ಪ್ರತಿ ಡಿಟೆಕ್ಟರ್‌ಗೂ ಪ್ಯಾನೆಲ್ ಹತ್ತಿರ ಓಡಿ ಹೋಗಿ ರೀಸೆಟ್ ಒತ್ತಬೇಕಾಗಿಲ್ಲ. ಒಂದು ಸಲಕ್ಕೆ ಒಂದೇ ಝೋನ್ (ಪ್ಯಾನೆಲ್ ಲೆಕ್ಕದಲ್ಲಿ ಕಟ್ಟಡದ ಒಂದು ಭಾಗ) ತೆಗೆದುಕೊಳ್ಳಿ, ಉಳಿದ ಕಟ್ಟಡದ ಕಾವಲು ಹಾಗೇ ಇರಲಿ.

ಹೊಗೆ ಡಿಟೆಕ್ಟರ್

ಮೊದಲು ಕಣ್ಣಲ್ಲಿ ನೋಡಿ. ಬಣ್ಣ ಬಳಿಯುವಾಗ ಧೂಳು ಹೋಗದಿರಲಿ ಎಂದು ಹಾಕಿದ ಪ್ಲಾಸ್ಟಿಕ್ ಮುಚ್ಚಳ ಕೆಲಸ ಮುಗಿದ ಮೇಲೂ ಹಾಗೇ ಉಳಿದಿರುವುದುಂಟು. ಆ ಡಿಟೆಕ್ಟರ್‌ನ ಪುಟ್ಟ ದೀಪ ಮಿನುಗುತ್ತಲೇ ಇರುತ್ತದೆ, ಪ್ಯಾನೆಲ್‌ನಲ್ಲಿ ಯಾವ ದೂರೂ ಬರುವುದಿಲ್ಲ. ಆದರೆ ಹೊಗೆ ಒಳಗೆ ಹೋಗಲು ದಾರಿಯೇ ಇಲ್ಲ! ಜೇಡರ ಬಲೆ, ಜಾಲರಿಗೆ ಮೆತ್ತಿದ ಬಣ್ಣ, ಚಾವಣಿ ಮುಟ್ಟುವಂತೆ ಪೇರಿಸಿದ ಪೆಟ್ಟಿಗೆಗಳು, ಪಕ್ಕದಲ್ಲೇ ಗಾಳಿ ಉಗುಳುವ ಎಸಿ ಕಿಂಡಿ, ಇವನ್ನೂ ಗಮನಿಸಿ.

ಈಗ ಹೊಗೆ. ಸಾಮಾನ್ಯ ಆಪ್ಟಿಕಲ್ ಡಿಟೆಕ್ಟರ್ ಒಳಗೆ ಒಂದು ಪುಟ್ಟ ಕತ್ತಲ ಕೋಣೆ ಇದೆ. ಅಲ್ಲಿ ಬೆಳಕು ಬಿಡುವ ಎಲ್‌ಇಡಿ ಒಂದು ಕಡೆ, ಬೆಳಕು ಗ್ರಹಿಸುವ ಸೆನ್ಸರ್ ಇನ್ನೊಂದು ಕಡೆ. ಎರಡೂ ನೇರಾನೇರ ಇರುವುದಿಲ್ಲ, ಹಾಗಾಗಿ ಮಾಮೂಲಿಯಾಗಿ ಬೆಳಕು ಸೆನ್ಸರ್‌ಗೆ ತಾಗುವುದಿಲ್ಲ. ಹೊಗೆ ಬಂದಾಗ ಅದರ ಕಣಗಳಿಗೆ ಬೆಳಕು ಬಡಿದು ಚದುರಿ ಸೆನ್ಸರ್ ಮೇಲೆ ಬೀಳುತ್ತದೆ, ಅಲಾರಂ ಹೊಡೆಯುತ್ತದೆ. ಆಯಸ್ಕಾಂತ ತೋರಿಸಿಯೋ ಬಟನ್ ಒತ್ತಿಯೋ ಮಾಡುವ ಪರೀಕ್ಷೆ ಎಲೆಕ್ಟ್ರಾನಿಕ್ಸ್ ಸರಿಯಿದೆ ಎಂದಷ್ಟೇ ಹೇಳುತ್ತದೆ. ಹೊಗೆ ಆ ಕೋಣೆಗೆ ತಲುಪುತ್ತದೆಯೇ ಎಂದು ಅದರಿಂದ ತಿಳಿಯುವುದಿಲ್ಲ. ಅದಕ್ಕೇ ಹೊಗೆ ಬಿಟ್ಟೇ ನೋಡಬೇಕು ಅನ್ನುವುದು.

ಇದಕ್ಕೆಂದೇ ಟೆಸ್ಟ್ ಸ್ಮೋಕ್ ಕ್ಯಾನ್ ಸಿಗುತ್ತದೆ. ಡಿಟೆಕ್ಟರ್ ತಯಾರಿಸಿದವರು ಒಪ್ಪಿದ್ದನ್ನೇ ಬಳಸಿ. ಉದ್ದ ಕೋಲಿನ ತುದಿಯ ಬಟ್ಟಲಿನಲ್ಲಿ ಕ್ಯಾನ್ ಕೂರಿಸಿ, ಬಟ್ಟಲನ್ನು ಡಿಟೆಕ್ಟರ್ ಸುತ್ತ ಹಿಡಿದು, ಒಂದೇ ಒಂದು ಚಿಕ್ಕ ಸಲ ಒತ್ತಿ. ಆಮೇಲೆ ಕಾಯಿರಿ. ಸುಳ್ಳು ಅಲಾರಂ ತಪ್ಪಿಸಲೆಂದು ಕೆಲವು ಡಿಟೆಕ್ಟರ್‌ಗಳು ಅರ್ಧ ನಿಮಿಷದವರೆಗೂ ಖಾತ್ರಿ ಮಾಡಿಕೊಳ್ಳುತ್ತವೆ. ಬರಲಿಲ್ಲ ಅಂತ ಮತ್ತೆ ಮತ್ತೆ ಒತ್ತಿದರೆ ಒಳಗೆಲ್ಲ ಅಂಟು ಕೂರುತ್ತದೆ. ಕಾಗದ ಸುಟ್ಟು ಹಿಡಿಯುವುದು, ಸಿಗರೇಟ್ ಹೊಗೆ ಊದುವುದು ಖಂಡಿತ ಬೇಡ.

ಅಲಾರಂ ಬಂದಾಗ ಡಿಟೆಕ್ಟರ್‌ನ ಕೆಂಪು ದೀಪ ಹೊತ್ತಿತೇ ನೋಡಿ. ಜೊತೆಗೆ ಪ್ಯಾನೆಲ್ ಮುಂದಿರುವವರು ಅಲ್ಲಿ ಬಂದ ಜಾಗದ ಹೆಸರನ್ನು ಗಟ್ಟಿಯಾಗಿ ಓದಿ ಹೇಳಲಿ. ನೀವು ನಿಂತಿರುವುದು 3ನೇ ಮಹಡಿಯ ಕಾರಿಡಾರ್, ಪ್ಯಾನೆಲ್ ತೋರಿಸುವುದು ‘2ನೇ ಮಹಡಿ ಸ್ಟೋರ್ ರೂಮ್’ ಎಂದಾದರೆ ಡಿಟೆಕ್ಟರ್ ಎಷ್ಟೇ ಚೆನ್ನಾಗಿದ್ದರೂ ಪರೀಕ್ಷೆ ಫೇಲ್. ಗೋಡೆ ಒಡೆದು ಕಟ್ಟಿದ, ಕೋಣೆ ಹೆಸರು ಬದಲಾದ ಕಟ್ಟಡಗಳಲ್ಲಿ ಇದು ತುಂಬಾ ಸಾಮಾನ್ಯ. ಬೆಂಕಿ ಬಿದ್ದ ಹೊತ್ತಿನಲ್ಲಿ ಜನ ತಪ್ಪು ಮಹಡಿಗೆ ಓಡುತ್ತಾರೆ.

ಪರೀಕ್ಷೆ ಆದ ಮೇಲೆ ಒಳಗಿನ ಹೊಗೆ ಚದುರಿಸಿ, ಆಮೇಲೆ ರೀಸೆಟ್ ಮಾಡಿ. ಇಲ್ಲದಿದ್ದರೆ ಮತ್ತೆ ಹೊಡೆಯುತ್ತದೆ. ಝೋನ್‌ಗೆ ಒಂದು ಡಿಟೆಕ್ಟರನ್ನಾದರೂ ಬೇಸ್‌ನಿಂದ ತಿರುಗಿಸಿ ತೆಗೆದು ನೋಡಿ. ಪ್ಯಾನೆಲ್‌ನಲ್ಲಿ ಹಳದಿ ದೀಪ ಹೊತ್ತಿ ದೋಷ ತೋರಿಸಬೇಕು. ಯುರೋಪಿನ ಇಎನ್ 54 ಮಾನದಂಡ ಇದಕ್ಕೆ ಕೊಡುವ ಗಡುವು 100 ಸೆಕೆಂಡ್.

ಶಾಖದ ಡಿಟೆಕ್ಟರ್‌ಗೆ ಬಿಸಿಗಾಳಿ ಕೊಡುವ ಉಪಕರಣ ಸಾಕು, ಬೆಂಕಿ ಹಿಡಿಯಬೇಡಿ. ಒಂದು ಎಚ್ಚರಿಕೆ: ಕೆಲವು ನಮೂನೆಗಳು ಒಮ್ಮೆ ಕಾದರೆ ಮತ್ತೆ ಬಳಕೆಗೆ ಬರುವುದಿಲ್ಲ. ಕೈಪಿಡಿ ನೋಡಿಯೇ ಬಿಸಿ ಮಾಡಿ. ಬೆಂಕಿ ಕಂಡವರು ಒತ್ತಿ ಅಲಾರಂ ಹೊಡೆಸುವ, ಗೋಡೆಯ ಕೆಂಪು ಪೆಟ್ಟಿಗೆ ಕಾಲ್ ಪಾಯಿಂಟ್. ಅದಕ್ಕೆ ಟೆಸ್ಟ್ ಕೀ ಇರುತ್ತದೆ, ಗಾಜು ಒಡೆಯಬೇಕಿಲ್ಲ. ಪ್ರತಿ ವಾರ ಒಂದನ್ನು, ಪ್ರತಿ ಸಲ ಬೇರೆಯದನ್ನು ಪರೀಕ್ಷಿಸಿ. ಡಿಟೆಕ್ಟರ್‌ಗಳಾದರೆ ಒಂದೂ ಬಿಡದಂತೆ ವರ್ಷಕ್ಕೊಮ್ಮೆಯಾದರೂ ನೋಡಿ ಮುಗಿಸಬೇಕು.

ಹೂಟರ್ ಕೇಳುವ ಬಗೆ

ಮಾಮೂಲಿ ಕನ್ವೆನ್ಷನಲ್ ಪ್ಯಾನೆಲ್‌ಗಳು ಹೂಟರ್ ತಂತಿಯಲ್ಲಿ ಉಲ್ಟಾ ದಿಕ್ಕಿನ ಸಣ್ಣ ವೋಲ್ಟೇಜ್ ಬಿಟ್ಟು, ತುದಿಯಲ್ಲಿರುವ ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಪುಟ್ಟ ಬಿಡಿಭಾಗ) ಸಿಗುತ್ತದೆಯೇ ಎಂದು ನೋಡುತ್ತಿರುತ್ತವೆ. ಒಂದೇ ದಿಕ್ಕಿಗೆ ಕರೆಂಟ್ ಬಿಡುವ, ಹೂಟರ್ ಒಳಗಿನ ಡಯೋಡ್ ಆ ವೋಲ್ಟೇಜನ್ನು ತಡೆಯುತ್ತದೆ, ಸದ್ದು ಬರುವುದಿಲ್ಲ. ಅಂದರೆ ಪ್ಯಾನೆಲ್ ನೋಡುವುದು ತಂತಿಯನ್ನು ಮಾತ್ರ. ಹೂಟರ್ ಒಳಗೇ ಕೆಟ್ಟು ಸತ್ತಿದ್ದರೂ ಹಳದಿ ದೀಪ ಹೊತ್ತುವುದಿಲ್ಲ. ಹಾಗಾಗಿ ಪ್ರತಿ ಹೂಟರ್ ಹತ್ತಿರವೂ ಹೋಗಿ ಅದೇ ಕೂಗುತ್ತಿದೆ ಎಂದು ಖಚಿತ ಮಾಡಿಕೊಳ್ಳಿ, ಪಕ್ಕದ್ದರ ಸದ್ದು ಕೇಳಿ ಟಿಕ್ ಹಾಕಬೇಡಿ. ಹತ್ತಿರ ಹೋಗುವವರು ಕಿವಿಗೆ ಇಯರ್ ಪ್ಲಗ್ ಹಾಕಿಕೊಳ್ಳಲಿ.

ಸದ್ದಿನ ಮಟ್ಟ ಅಳೆಯುವಾಗ ಮಾತ್ರ ಹೂಟರ್ ಕೆಳಗೆ ನಿಲ್ಲಬೇಡಿ. ಸೌಂಡ್ ಲೆವೆಲ್ ಮೀಟರ್ ಹಿಡಿದು ಅತಿ ದೂರದ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಳ್ಳಿ. ಮುಚ್ಚಿದ ಬಾಗಿಲೊಂದೇ ಸುಮಾರು 20 ಡೆಸಿಬೆಲ್ ನುಂಗಿಬಿಡುತ್ತದೆ. ಅಮೆರಿಕದ ಎನ್‌ಎಫ್‌ಪಿಎ 72 ಮಾನದಂಡದ ಪ್ರಕಾರ ಸದ್ದು ಅಲ್ಲಿನ ಸಾಮಾನ್ಯ ಗದ್ದಲಕ್ಕಿಂತ 15 ಡೆಸಿಬೆಲ್ ಹೆಚ್ಚಿರಬೇಕು. ಮಲಗುವ ಕೋಣೆಯಲ್ಲಾದರೆ ದಿಂಬಿನ ಮಟ್ಟದಲ್ಲಿ ಕನಿಷ್ಠ 75 ಡೆಸಿಬೆಲ್ ಇರಬೇಕು. ಮಲಗುವ ಕಡೆಗೆ 520 ಹರ್ಟ್ಸ್‌ನ ದಪ್ಪ ದನಿಯನ್ನೂ ಅದು ಕೇಳುತ್ತದೆ. ಕೀಚಲು ದನಿಗಿಂತ ಇದು ಮಕ್ಕಳನ್ನೂ ಕಿವಿ ಮಂದವಾದವರನ್ನೂ ಚೆನ್ನಾಗಿ ಎಬ್ಬಿಸುತ್ತದೆ. ಜನರೇಟರ್ ರೂಮಿನಂಥ ಗದ್ದಲದ ಕಡೆ ಮಿನುಗುವ ದೀಪ ಇರಬೇಕು, ಅದೂ ಹೊತ್ತುತ್ತಿದೆಯೇ ನೋಡಿ.

ಇದೇ ಪರೀಕ್ಷೆಯನ್ನು ಮೇನ್ಸ್ ಆಫ್ ಮಾಡಿ, ಬ್ಯಾಟರಿ ಮೇಲೆ ಇನ್ನೊಮ್ಮೆ ಮಾಡಿ. ದಯವಿಟ್ಟು ಇದನ್ನು ಬಿಡಬೇಡಿ. ಮೇನ್ಸ್‌ನಲ್ಲಿ ಗಟ್ಟಿಯಾಗಿ ಕೂಗಿದ ಸಾಲಿನ ಕೊನೆಯ ಹೂಟರ್, ಬ್ಯಾಟರಿ ಸೊರಗಿದ್ದರೆ ಮುಲುಗುತ್ತದೆ. ಪ್ಯಾನೆಲ್‌ನಲ್ಲಿ ಸಾಮಾನ್ಯವಾಗಿ 12 ವೋಲ್ಟ್‌ನ ಎರಡು ಬ್ಯಾಟರಿ ಇರುತ್ತವೆ. ಒಂದು ಉಬ್ಬಿದ್ದರೂ ಎರಡನ್ನೂ ಒಟ್ಟಿಗೆ ಬದಲಿಸಿ.

ಮುಗಿಸುವಾಗ

ಮೇನ್ಸ್ ಆನ್ ಮಾಡಿ, ವಾಕ್ ಟೆಸ್ಟ್‌ನಿಂದ ಹೊರಬನ್ನಿ. ಬೈಪಾಸ್ ಕಾಗದ ಹಿಡಿದು ಒಂದೊಂದನ್ನೇ ವಾಪಸ್ ಹಾಕಿ ಗೀಟು ಹೊಡೆಯಿರಿ. ಮೊದಲು ಯಾರಿಗೆಲ್ಲ ತಿಳಿಸಿದ್ದಿರೋ ಅವರಿಗೆಲ್ಲ ಪರೀಕ್ಷೆ ಮುಗಿಯಿತು ಎಂದು ಹೇಳಿ. ಲಾಗ್ ಬುಕ್‌ನಲ್ಲಿ ಸುಮ್ನೆ ‘ಎಲ್ಲ ಓಕೆ’ ಅಂತ ಬರೆಯಬೇಡಿ. ಯಾವ ನಂಬರಿನ ಡಿಟೆಕ್ಟರ್, ಯಾವ ಹೂಟರ್, ಎಲ್ಲಿ ಎಷ್ಟು ಡೆಸಿಬೆಲ್ ಎಂದು ಬರೆದರೆ ಮುಂದಿನ ಸಲ ಬರುವವರಿಗೆ ಹೋಲಿಸಲು ಸಿಗುತ್ತದೆ. ಕೆಟ್ಟ ಡಿಟೆಕ್ಟರ್ ಸಿಕ್ಕಿ ಅದೇ ದಿನ ಬದಲಿ ಸಿಗದಿದ್ದರೆ, ಸಿಗುವ ತನಕ ಆ ಜಾಗಕ್ಕೆ ರಾತ್ರಿಯೂ ಸೇರಿ ಒಬ್ಬರು ಸುತ್ತು ಹಾಕುವಂತೆ ನೋಡಿಕೊಳ್ಳಿ.