ಕರೆಂಟ್ ಹೋಗಿ ಸತ್ತ ರೌಟರ್ ಮತ್ತೆ ಎದ್ದಿದ್ದು

ರೌಟರಿನ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಅರ್ಧಕ್ಕೆ ಬಂದಿತ್ತು, ಕರೆಂಟ್ ಹೋಯಿತು. ಆಮೇಲೆ ಪವರ್ ದೀಪ ಸುಮ್ನೆ ಮಿಟುಕುತ್ತಿತ್ತು, ವೈಫೈ ಹೆಸರೇ ಇಲ್ಲ. ಆದರೆ ಬೂಟ್‌ಲೋಡರ್ (ಆನ್ ಮಾಡಿದಾಗ ಮೊದಲು ಓಡುವ ಪುಟ್ಟ ಪ್ರೋಗ್ರಾಂ) ಬೇರೆ ಜಾಗದಲ್ಲಿರುತ್ತದೆ, ಅಪ್‌ಡೇಟ್ ಸಾಮಾನ್ಯವಾಗಿ ಅದನ್ನು ಮುಟ್ಟುವುದಿಲ್ಲ. ಬಚಾವಾದದ್ದು ಅದರಿಂದಲೇ.

ಮೊಬೈಲ್ ಡೇಟಾದಲ್ಲಿ ಕಂಪನಿಯ ಸೈಟಿನಿಂದ ಫರ್ಮ್‌ವೇರ್ ಫೈಲ್ ಇಳಿಸಿಕೊಂಡೆ. ಮಾಡೆಲ್ ಒಂದೇ ಆದರೂ ವಿ1, ವಿ2 ಆವೃತ್ತಿಗಳಿಗೆ ಫೈಲ್ ಬೇರೆ ಬೇರೆ. ತಳದ ಸ್ಟಿಕ್ಕರ್ ನೋಡಲೇಬೇಕು. ರೌಟರಿನಿಂದ ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಸಿಕ್ಕಿಸಿ, ಲ್ಯಾಪ್‌ಟಾಪಿನ ಐಪಿ ವಿಳಾಸ 192.168.0.66 ಎಂದು ಕೈಯಾರೆ ಕೊಟ್ಟು, ಟಿಎಫ್‌ಟಿಪಿ ಸರ್ವರ್ (ನೆಟ್‌ವರ್ಕ್ ಮೂಲಕ ಫೈಲ್ ಕಳಿಸುವ ಸರಳ ಪ್ರೋಗ್ರಾಂ) ಓಡಿಸಿದೆ. ಫೈಲಿಗೆ ಬೂಟ್‌ಲೋಡರ್ ಕೇಳುವ ಹೆಸರನ್ನೇ ಇಟ್ಟೆ. (ವಿಳಾಸ, ಹೆಸರು ಎರಡೂ ಮಾಡೆಲ್‌ಗೆ ತಕ್ಕಂತೆ ಬದಲಾಗುತ್ತವೆ.) ರೀಸೆಟ್ ಗುಂಡಿ ಒತ್ತಿ ಹಿಡಿದೇ ಪವರ್ ಆನ್ ಮಾಡಿದೆ, 10 ಸೆಕೆಂಡ್. ಏನೂ ಆಗಲಿಲ್ಲ. ನೋಡಿದರೆ ಲ್ಯಾಪ್‌ಟಾಪಿನ ಫೈರ್‌ವಾಲ್ ಅಡ್ಡ ನಿಂತಿತ್ತು! ಅದನ್ನು ಆಫ್ ಮಾಡಿದ ಮೇಲೆ ಫೈಲ್ ಹೋಯಿತು. ಐದು ನಿಮಿಷ ಕೈಕಟ್ಟಿ ಕೂತೆ, ವೈಫೈ ಬಂತು. ಈಗ ರೌಟರ್ ಯುಪಿಎಸ್‌ನಲ್ಲಿದೆ.