ಗೋವಾ ಕಡಲಿನ ಆಂತರಿಕ ಅಲೆ: ರಾಡಾರ್ ಚಿತ್ರದಿಂದ ಥರ್ಮೊಕ್ಲೈನ್ ಆಳ ತೆಗೆದ ಬಗೆ

ಉಪಗ್ರಹದ ಪುಕ್ಕಟೆ ಚಿತ್ರ ಇಟ್ಟುಕೊಂಡು ನೀರಿನೊಳಗಿನ ಅಲೆ (ಮೇಲಿನ ಬೆಚ್ಚನೆಯ ಪದರ, ಕೆಳಗಿನ ತಣ್ಣನೆಯ ಪದರ ಕೂಡುವ ಗಡಿಯಲ್ಲಿ, ಅಂದರೆ ಥರ್ಮೊಕ್ಲೈನಿನಲ್ಲಿ, ಸಾಗುವ ಆಂತರಿಕ ಅಲೆ) ಅಳೆಯುವುದು ಆಗದ ಮಾತು ಅಂತ ವಾಸ್ಕೋದ ನಮ್ಮ ಕನ್ನಡ ಬಳಗದಲ್ಲೇ ನಕ್ಕವರಿದ್ದರು. ಆಗುತ್ತದೆ. ಯುರೋಪಿನ ರಾಡಾರ್ ಉಪಗ್ರಹ ಸೆಂಟಿನೆಲ್-1ರ ಐಡಬ್ಲ್ಯೂ ಜಿಆರ್‌ಡಿ ಮಾದರಿಯ ಚಿತ್ರ, ಅದರಲ್ಲಿ ವಿವಿ ಪೋಲರೈಸೇಷನ್ (ರಾಡಾರ್ ತರಂಗವನ್ನು ಲಂಬವಾಗಿ ಕಳಿಸಿ ಲಂಬವಾಗಿಯೇ ಹಿಡಿದದ್ದು), ಅದನ್ನು ತೆರೆಯುವ ಪುಕ್ಕಟೆ ತಂತ್ರಾಂಶ ಸ್ನ್ಯಾಪ್, ಇಷ್ಟೇ ಬಂಡವಾಳ. ದುಡ್ಡು ಹೋಗುವುದು ಕಂಪ್ಯೂಟರಿಗೆ. ಒಂದೊಂದು ಫೈಲು ಹೆಚ್ಚುಕಡಿಮೆ 1 ಜಿಬಿ, 8 ಜಿಬಿ ರ್‍ಯಾಮಿನಲ್ಲಿ ಸ್ನ್ಯಾಪ್ ಮಿಸುಕುವುದಿಲ್ಲ. 32ಕ್ಕೆ ಏರಿಸಿ ಒಂದು ಹಾರ್ಡ್ ಡಿಸ್ಕ್ ಸೇರಿಸಿದ್ದಕ್ಕೆ ಹನ್ನೆರಡು ಸಾವಿರದ ಆಸುಪಾಸು. ನೀರಿನ ಉಪ್ಪು, ಉಷ್ಣತೆ, ಆಳ ಅಳೆಯುವ ಸಿಟಿಡಿ ಉಪಕರಣ ಇಳಿಸಲು ದೋಣಿ ಕೇಳಿದರೆ ಒಂದು ದಿನದ ಬಾಡಿಗೆಯೇ ಅದನ್ನು ಮೀರುತ್ತದೆ, ಡೀಸೆಲ್ ಬೇರೆ.

ಹೆಚ್ಚಿನವರು ಸೋಲುವುದು ಗಾಳಿಯ ಲೆಕ್ಕದಲ್ಲಿ. ಸೆಕೆಂಡಿಗೆ 2 ಮೀಟರಿಗಿಂತ ಕಡಿಮೆಯಿದ್ದರೆ ಚಿತ್ರವೆಲ್ಲ ಕಪ್ಪು, 10 ದಾಟಿದರೆ ಅಲೆಯನ್ನು ತೋರಿಸುವ ಬಿಳಿ–ಕಪ್ಪು ಪಟ್ಟೆಗಳೇ ಅಳಿಸಿಹೋಗುತ್ತವೆ. ಜೂನ್–ಆಗಸ್ಟ್ ಚಿತ್ರಗಳಿಗೆ ಡೇಟಾ ಸುಡಬೇಡಿ. ಫೆಬ್ರವರಿಯಿಂದ ಏಪ್ರಿಲ್, ಹುಣ್ಣಿಮೆ–ಅಮಾವಾಸ್ಯೆ ಕಳೆದ ಒಂದೆರಡು ದಿನ, ಬೆಳಗಿನ ಆರೂವರೆ ಸುಮಾರಿಗೆ ಉಪಗ್ರಹ ಹಾಯುವಾಗಿನ ಚಿತ್ರ: ಅಲ್ಲೇ ಹುಡುಕಿ.

ಎರಡನೆಯ ಪೆಟ್ಟು ಫಿಲ್ಟರಿನದು. 10 ಮೀಟರ್ ಪಿಕ್ಸೆಲನ್ನು 5×5 ಮಲ್ಟಿಲುಕ್ (ಅಕ್ಕಪಕ್ಕದ ಪಿಕ್ಸೆಲುಗಳ ಸರಾಸರಿ) ಮಾಡಿ, ಮೇಲೆ ಚಿತ್ರದ ಚುಕ್ಕೆಗದ್ದಲ ತಗ್ಗಿಸುವ 7×7 ಲೀ ಫಿಲ್ಟರ್ ಹಾಕಿದಿರೋ, ಕಿಟಕಿ 350 ಮೀಟರ್ ಆಯಿತು. ಅಲೆಗಳು ಒಂದರ ಹಿಂದೊಂದು ಗುಂಪಾಗಿ ಬರುತ್ತವೆ; ಆ ಗುಂಪಿನ ಬಾಲದ ಸಣ್ಣ ಅಲೆಗಳು ನಾಪತ್ತೆ. ಎರಡರಲ್ಲಿ ಒಂದು ಸಾಕು. ರಾಡಾರ್ ಕಿರಣ ಬೀಳುವ ಕೋನ ಬದಲಾಗುವುದರಿಂದ ಬರುವ ಹೊಳಪಿನ ಓರೆಯನ್ನು ಮಾತ್ರ ಮೊದಲೇ ತೆಗೆಯಬೇಕು; ಅದಕ್ಕೆ ನಾನು ಬಳಸುವ ವಿಧಾನ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಗಾಳಿಯ ಗೆರೆ, ಟ್ರಾಲರಿನ ಜಾಡು ಎಲ್ಲವೂ ಅಲೆಯಂತೆಯೇ ಕಾಣುತ್ತವೆ. ಜೆಬ್ಕೋ ಎಂಬ ಕಡಲತಳದ ನಕಾಶೆಯ ಆಳದ ಗೆರೆಗಳನ್ನು ಮೇಲೆ ಹಾಕಿ ನೋಡಿ. ನಿಜವಾದ ಗುಂಪು ಸಾಮಾನ್ಯವಾಗಿ ಆ ಗೆರೆಗಳ ಗುಂಟ ಬಾಗಿರುತ್ತದೆ, ಮುಂದಿನ ಅಲೆಗಳ ನಡುವೆ ಅಂತರ ಹೆಚ್ಚು, ಹಿಂದಕ್ಕೆ ಹೋದಂತೆ ಕಡಿಮೆ. ಮುಂದೆ ಬಿಳಿ, ಹಿಂದೆ ಕಪ್ಪು ಪಟ್ಟೆಯಿದ್ದರೆ ಅದು ತಗ್ಗಿನ ಅಲೆ, ಅಂದರೆ ಪದರಗಳ ಗಡಿ ಕೆಳಕ್ಕೆ ತಗ್ಗಿಕೊಂಡು ಸಾಗುವಂಥದು.

ಒಂಟಿ ಅಲೆಯ ಅಗಲದಿಂದ ಆಳ ತೆಗೆಯಲು ಹೋಗಬೇಡಿ, ಒಂದೆರಡು ಪಿಕ್ಸೆಲ್ ತಪ್ಪಿದರೆ ಉತ್ತರವೇ ಬೇರೆ. ಹಿಂದುಮುಂದಿನ ಎರಡು ಗುಂಪುಗಳ ನಡುವಿನ ದೂರ ಹಿಡಿಯಿರಿ. ಉಬ್ಬರವೊಂದಕ್ಕೆ ಒಂದು ಗುಂಪು ಹುಟ್ಟುತ್ತದೆ ಎಂಬ ಊಹೆಯ ಮೇಲೆ, ದೂರ ಸುಮಾರು 30 ಕಿಮೀ ಇದ್ದರೆ ಎರಡು ಉಬ್ಬರಗಳ ನಡುವಿನ 12.42 ಗಂಟೆಯಿಂದ ಭಾಗಿಸಿ, ಅಲೆಯ ವೇಗ ಸಿಗುತ್ತದೆ: ಸೆಕೆಂಡಿಗೆ 0.67 ಮೀಟರ್. ಸರಾಸರಿ ಆಳ 100 ಮೀಟರ್, ಪದರಗಳ ಸಾಂದ್ರತೆಯ ವ್ಯತ್ಯಾಸ ಘನ ಮೀಟರಿಗೆ 2.5 ಕೆಜಿ ಎಂದಿಟ್ಟುಕೊಂಡರೆ ಅಲೆಯ ವೇಗಕ್ಕೂ ಪದರಗಳ ದಪ್ಪಕ್ಕೂ ನಂಟು ಹೇಳುವ ಎರಡು ಪದರದ ಸೂತ್ರ ಮೇಲಿನ ಪದರಕ್ಕೆ 25 ಮೀಟರ್ ಕೊಡುತ್ತದೆ; ಅದೇ ಥರ್ಮೊಕ್ಲೈನ್ ಆಳ. ಸೂತ್ರಕ್ಕೆ 75 ಕೂಡ ಒಪ್ಪಿಗೆಯೇ. ಬಿಳಿ ಮುಂದಿದೆ ಅಂದರೆ ತಗ್ಗಿನ ಅಲೆ, ಅದು ಮೇಲಿನ ಪದರ ತೆಳುವಿದ್ದಾಗಿನದು; ಹಾಗಾಗಿ 75 ಅನ್ನು ಬಿಡಬೇಕು.

ಚಪಲಕ್ಕೆ ಇನ್ನೊಂದು ಮಾಡಿ ನೋಡಿದೆ. ಅದೇ ದಿನ ಹನ್ನೊಂದು ಗಂಟೆಗೆ ಹಾಯುವ, ಬಿಸಿಲ ಬೆಳಕಿನಲ್ಲಿ ಚಿತ್ರ ತೆಗೆಯುವ ಉಪಗ್ರಹ ಸೆಂಟಿನೆಲ್-2ರಲ್ಲಿ ಬಿಸಿಲಿನ ಹೊಳಪು ಸಿಕ್ಕರೆ, ಅದೇ ಗುಂಪು 10–11 ಕಿಮೀ ಮುಂದೆ ಕಾಣಬೇಕು; ಆಗ 12.42ರ ಊಹೆಯೇ ಬೇಡ. ದಡದಿಂದ ದೂರಕ್ಕೆ ಅದರ ಚಿತ್ರಗಳು ಸಿಗುವುದು ಕಷ್ಟ. ಬಿಸಿಲಿನಲ್ಲಿ ಬಿಳಿ–ಕಪ್ಪು ಅದಲುಬದಲಾಗುವುದೂ ಉಂಟು, ಹಾಗಾಗಿ ಬಣ್ಣ ಬಿಟ್ಟು ಗೆರೆಯ ಬಾಗು ನೋಡಿ ಜೋಡಿಸಿ.