ಬ್ರೆಡ್ ಮೇಕರ್ ಕೊಳ್ಳುವ ಮುನ್ನ ಪಾತ್ರೆಯ ತಳ ನೋಡಿ

ಮನೆಯಲ್ಲೇ ಬ್ರೆಡ್ ತಯಾರಿಸುವ ಯಂತ್ರದ ಪೆಟ್ಟಿಗೆಯ ಮೇಲೆ 15, 20 ಬಗೆಯ ಪ್ರೋಗ್ರಾಂಗಳಿವೆ ಎಂದು ದೊಡ್ಡದಾಗಿ ಅಚ್ಚು ಮಾಡಿರುತ್ತಾರೆ. ಅವುಗಳಲ್ಲಿ ನಿತ್ಯದ ಬಳಕೆಗೆ ಬರುವವು ಮೂರೋ ನಾಲ್ಕೋ ಅಷ್ಟೇ. ಯಂತ್ರದ ಬಾಳಿಕೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಒಳಗಿನ ಪಾತ್ರೆ ಮತ್ತು ಅದರ ತಳದ ಶಾಫ್ಟ್.

ಆದ್ದರಿಂದ ಮೊದಲು ಪಾತ್ರೆಯನ್ನು ಹೊರತೆಗೆದು ಕೈಯಲ್ಲಿ ಹಿಡಿದು ನೋಡಬೇಕು. ತೆಳು ತಗಡಿನ ಪಾತ್ರೆಯಲ್ಲಿ ಶಾಖ ಸಮನಾಗಿ ಹರಡುವುದಿಲ್ಲ. ದಪ್ಪನೆಯ ಎರಕದ ಅಲ್ಯೂಮಿನಿಯಂ ಪಾತ್ರೆಯೇ ಲೇಸು. ಅನಂತರ ಅದನ್ನು ಬೋರಲಾಗಿ ಹಿಡಿದು ತಳದ ಶಾಫ್ಟನ್ನು ಬೆರಳಿನಿಂದ ತಿರುಗಿಸಿದಾಗ ಅದು ಗರಗರ ಸದ್ದು ಮಾಡದೆ ತಿರುಗಬೇಕು, ಅತ್ತಿತ್ತ ಅಲುಗಾಡಬಾರದು. ಹಿಟ್ಟು ನಾದುವ ಅಲಗನ್ನು ತಿರುಗಿಸುವ ಈ ಶಾಫ್ಟಿನ ಸುತ್ತಲಿನ ಸೀಲ್ ಸವೆದರೆ ನೀರು, ಹಾಲು ಕೆಳಕ್ಕೆ ಜಿನುಗಿ, ಬಿಸಿಗೆ ಕರಕಲಾಗಿ, ಕೊನೆಗೆ ಶಾಫ್ಟ್ ಕಚ್ಚಿಕೊಂಡು ನಿಂತುಬಿಡುತ್ತದೆ. ಪಾತ್ರೆಯನ್ನು ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿಡುವವರ ಮನೆಯಲ್ಲಿ ಇದು ಬೇಗ ಆಗುತ್ತದೆ. ಪಾತ್ರೆ ಮತ್ತು ಅಲಗು ಬಿಡಿಯಾಗಿ ಸಿಗುತ್ತವೆಯೇ, ಹತ್ತಿರದಲ್ಲಿ ಸರ್ವಿಸ್ ಸೆಂಟರ್ ಇದೆಯೇ ಎಂಬುದನ್ನು ತಿಳಿಯದೆ ಹಣ ಕೊಡಬಾರದು.

ಮುಂದಿನದು ವಿದ್ಯುತ್ತಿನ ವಿಚಾರ. ಒಂದು ಬ್ರೆಡ್ಡಿಗೆ ಸಾಮಾನ್ಯವಾಗಿ 3ರಿಂದ 4 ಗಂಟೆ ಹಿಡಿಯುವುದರಿಂದ ನಡುವೆ ಕರೆಂಟ್ ಹೋಗುವ ಸಂಭವ ನಮ್ಮಲ್ಲಿ ಇದ್ದೇ ಇದೆ. ಸುಮಾರು 10 ನಿಮಿಷದೊಳಗೆ ಕರೆಂಟ್ ಮರಳಿದರೆ ನಿಂತಲ್ಲಿಂದಲೇ ಮುಂದುವರಿಯುವ ವ್ಯವಸ್ಥೆ ಹಲವು ಮಾದರಿಗಳಲ್ಲಿದೆ; ಇದಕ್ಕಾಗಿ ಸ್ವಲ್ಪ ಹೆಚ್ಚು ಬೆಲೆ ತೆತ್ತರೂ ನಷ್ಟವಿಲ್ಲ. ಅಮೆರಿಕದಿಂದ ಬಂಧುಗಳು ತಂದುಕೊಡುವ 120 ವೋಲ್ಟ್‌ನ ಯಂತ್ರವನ್ನು ಮಾತ್ರ ನಮ್ಮ 230 ವೋಲ್ಟ್ ಪ್ಲಗ್ಗಿಗೆ ನೇರವಾಗಿ ಜೋಡಿಸಕೂಡದು.

ಗಾತ್ರದ ಬಗ್ಗೆ ಹೆಚ್ಚು ಯೋಚಿಸಬೇಕಿಲ್ಲ. ಮನೆಯ ಬ್ರೆಡ್ಡಿಗೆ ಸಂರಕ್ಷಕ ಬೆರೆಸದಿರುವುದರಿಂದ ಅದು ಬೇಗ ಕೆಡುತ್ತದೆ. ಚಿಕ್ಕ ಸಂಸಾರಕ್ಕೆ 500 ಗ್ರಾಂ ಬ್ರೆಡ್ ಮಾಡಬಲ್ಲ ಯಂತ್ರ ಸಾಕು.

ಮೈದಾ ಬದಲು ಚಪಾತಿಯ ಗೋಧಿ ಹಿಟ್ಟನ್ನೇ ಬಳಸುವ ಉದ್ದೇಶವಿದ್ದರೆ, ನಾದುವ ಮತ್ತು ಉಬ್ಬುವ ಸಮಯವನ್ನು ನಾವೇ ಹೊಂದಿಸಿಕೊಳ್ಳಲು ಬರುವ ಮಾದರಿ ಅನುಕೂಲ. ಈ ಹಿಟ್ಟು ನೀರು ಹೆಚ್ಚು ಹೀರುತ್ತದೆ. ನೀರು ಕಡಿಮೆಯಾಗಿ ಕಣಕ ಗಟ್ಟಿಯಾದರೆ ಮೋಟಾರಿಗೆ ಭಾರ. ಯಂತ್ರ ಮನೆಗೆ ಬಂದ ವಾರದೊಳಗೇ, ಕೈಪಿಡಿಯಲ್ಲಿ ಹೇಳಿರುವ ಗರಿಷ್ಠ ಅಳತೆಯ ಗೋಧಿ ಹಿಟ್ಟು ಹಾಕಿ ಒಮ್ಮೆ ಪರೀಕ್ಷಿಸಬೇಕು. ನಾದುವಾಗ ಯಂತ್ರ ಕಟ್ಟೆಯ ಮೇಲೆ ಜರುಗುತ್ತಿದ್ದರೆ, ರಬ್ಬರ್ ಸುಟ್ಟ ವಾಸನೆ ಬಂದರೆ ಅಥವಾ ಅಲಗು ತಡೆದು ತಡೆದು ತಿರುಗಿದರೆ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಬಿಲ್ಲಿನೊಂದಿಗೆ ಅಂಗಡಿಗೆ ಒಯ್ಯಬೇಕು.